ಹಳೆಯ ಚಿತ್ರಪುಸ್ತಕವೂ ಮನೆಯ ಮಗುವೂ

ಬಾಲ್ಯದಲ್ಲಿ ತಾವು ಮೆಚ್ಚಿ, ಮತ್ತೆ ಮತ್ತೆ ಬಿಡಿಸಿ ನೋಡಿದ ಚಿತ್ರಪುಸ್ತಕವನ್ನು ತಮ್ಮ ಮಕ್ಕಳೂ ನೋಡಿ ಆನಂದಿಸಬೇಕೆಂಬ ಆಸೆ ತಂದೆತಾಯಿಗಳಲ್ಲಿ ಸಹಜವಾಗಿ ಮೂಡುವಂಥದು. ಹೊಲಮನೆಗಳನ್ನೂ ಒಡವೆವಸ್ತುಗಳನ್ನೂ ಮಕ್ಕಳಿಗೆ ಬಿಟ್ಟುಹೋಗಬೇಕೆಂಬ ಬಯಕೆಗಿಂತ ಇದು ಹೆಚ್ಚು ನಿರ್ಮಲವಾದುದು. ಇಲ್ಲಿ ಕೊಡುವವನು ಕೊಟ್ಟ ಮೇಲೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಆದರೆ ಈ ಆಸೆ ಎಷ್ಟು ಸಹಜವೋ ಅದರ ಬೆನ್ನಿಗೇ ಬರುವ ನಿರಾಶೆಯೂ ಅಷ್ಟೇ ಸಾಮಾನ್ಯ. ಅಟ್ಟದ ಮೇಲಿನ ಟ್ರಂಕಿನಿಂದ ಪುಸ್ತಕ ಕೆಳಗಿಳಿಯುತ್ತದೆ; ಧೂಳು ಕೊಡವಿ ಅದನ್ನು ಮಗುವಿನ ಮುಂದಿಡಲಾಗುತ್ತದೆ; ಮಗು ಎರಡು ಹಾಳೆ ತಿರುವಿ, ಮೂರನೆಯದರ ಹೊತ್ತಿಗೆ ಅಂಗಳಕ್ಕೆ ಓಡುತ್ತದೆ. ತಂದೆಯ ಮುಖ ಬಾಡುತ್ತದೆ. ಈಗಿನ ಮಕ್ಕಳಿಗೆ ಯಾವುದರಲ್ಲಿಯೂ ಆಸಕ್ತಿಯಿಲ್ಲವೆಂಬ ಹಳೆಯ ತೀರ್ಪು ಮತ್ತೊಮ್ಮೆ ಹೊರಬೀಳುತ್ತದೆ.

ಈ ತೀರ್ಪು ನ್ಯಾಯವಾದುದಲ್ಲ. ತಂದೆ ಆ ಹಾಳೆಯ ಮೇಲೆ ಕಾಣುತ್ತಿರುವುದು ಮಗು ಕಾಣುತ್ತಿರುವುದಕ್ಕಿಂತ ಬೇರೆ. ಅವನಿಗೆ ಆ ಚಿತ್ರದೊಂದಿಗೆ ಬೇಸಿಗೆಯ ರಜೆಯ ಮಧ್ಯಾಹ್ನ, ಪಡಸಾಲೆಯ ತಂಪು ನೆಲ, ಪುಸ್ತಕಕ್ಕಾಗಿ ಅಕ್ಕನೊಡನೆ ಆಡಿದ ಜಗಳ, ಓದಿ ಹೇಳುತ್ತ ಹೇಳುತ್ತಲೇ ತೂಕಡಿಸುತ್ತಿದ್ದ ಅಜ್ಜ, ಎಲ್ಲವೂ ಕೂಡಿಯೇ ಕಾಣುತ್ತವೆ. ಇವು ಯಾವುವೂ ಪುಸ್ತಕದಲ್ಲಿ ಅಚ್ಚಾಗಿಲ್ಲ. ಮಗುವಿನ ಪಾಲಿಗೆ ಅದು ಅಂಚು ಮುರಿದ, ಕಮಟು ವಾಸನೆಯ ಒಂದು ಕಾಗದದ ಕಟ್ಟು ಮಾತ್ರ. ಅಜ್ಜನಿದ್ದ ಕಡೆ ಈಗ ಯಾರಾದರೂ ಕುಳಿತಲ್ಲದೆ ಆ ಕಟ್ಟಿಗೆ ಜೀವ ಬಾರದು. ಪುಸ್ತಕವನ್ನು ಮಗುವಿನ ಮುಂದಿಟ್ಟು ಪರಿಣಾಮವನ್ನು ದೂರದಿಂದ ಪರೀಕ್ಷಿಸುತ್ತ ನಿಲ್ಲುವ ತಂದೆ, ತನ್ನ ಬಾಲ್ಯದಲ್ಲಿ ಆ ಪುಸ್ತಕವನ್ನು ಪ್ರಿಯವಾಗಿಸಿದ ಮುಖ್ಯ ವಸ್ತುವನ್ನೇ ಬಿಟ್ಟುಬಿಟ್ಟಿರುತ್ತಾನೆ.

ಕನ್ನಡ ನಾಡಿನಲ್ಲಿ ಈಗ ನಡುವಯಸ್ಸನ್ನು ದಾಟಿದವರಲ್ಲಿ ಬಹುಮಂದಿಗೆ ಚಿತ್ರಪುಸ್ತಕವೆಂದರೆ 'ಚಂದಮಾಮ'. ಅದು ಮಾಸಪತ್ರಿಕೆಯೇ ಹೊರತು ಪುಸ್ತಕವಲ್ಲವೆಂದು ಆಕ್ಷೇಪಿಸಬಹುದು. ಆದರೆ ಬಣ್ಣದ ಪುಸ್ತಕಗಳನ್ನು ಬಿಡಿಬಿಡಿಯಾಗಿ ಕೊಳ್ಳುವ ಶಕ್ತಿಯಿಲ್ಲದ ಮನೆಗಳಲ್ಲಿ ವರ್ಷದ ಹನ್ನೆರಡು ಸಂಚಿಕೆಗಳನ್ನು ಕೂಡಿಸಿ, ರಟ್ಟು ಹಾಕಿಸಿ, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ ಬೈಂಡು ಮಾಡಿಸಿದಾಗ ಅದು ಯಾವ ಪುಸ್ತಕಕ್ಕೂ ಕಡಿಮೆಯಿಲ್ಲದ ಸಂಪತ್ತಾಗುತ್ತಿತ್ತು. 1947ರ ಜುಲೈ ತಿಂಗಳಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಿಂದ ತೆಲುಗು, ತಮಿಳು ಭಾಷೆಗಳಲ್ಲಿ ಹೊರತಂದ ಈ ಪತ್ರಿಕೆ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂತು. ಇವರೇ ವಿಜಯಾ ಸಂಸ್ಥೆಯ ಮೂಲಕ 'ಪಾತಾಳಭೈರವಿ' (1951), 'ಮಾಯಾಬಜಾರ್' (1957) ಚಿತ್ರಗಳನ್ನು ನಿರ್ಮಿಸಿದವರು. ಪತ್ರಿಕೆಯ ಅರಮನೆಗಳಿಗೂ ಕಿರೀಟಗಳಿಗೂ ಮಾಯಾವಿಗಳ ಗಡ್ಡಗಳಿಗೂ ಆ ಚಿತ್ರಗಳ ಲೋಕಕ್ಕೂ ಇರುವ ನೆಂಟಸ್ತಿಕೆ ಆಕಸ್ಮಿಕವಲ್ಲವೆಂದು ತೋರುತ್ತದೆ.

ಪತ್ರಿಕೆಯ ಬಲವೆಲ್ಲ ಅದರ ಚಿತ್ರಕಾರರಲ್ಲಿತ್ತು. 'ಚಿತ್ರಾ' ಎಂದು ಹೆಸರಾದ ಟಿ. ವೀರರಾಘವನ್, 'ಶಂಕರ್' ಎಂದು ಹೆಸರಾದ ಕೆ. ಸಿ. ಶಿವಶಂಕರನ್, 'ವಪಾ' ಎಂಬ ಎರಡಕ್ಷರದ ಸಹಿಯ ವಡ್ಡಾದಿ ಪಾಪಯ್ಯ, ಇವರ ಹೆಸರುಗಳನ್ನು ಎಷ್ಟೋ ಓದುಗರು ಅರಿಯರು. ಇವರ ಗೆರೆಗಳನ್ನು ಮಾತ್ರ ಎಲ್ಲಿ ಕಂಡರೂ ಗುರುತಿಸುವರು. ಬೇತಾಳ ಕಥೆಗಳ ಮೇಲೆ ತಿಂಗಳು ತಿಂಗಳೂ ಬರುತ್ತಿದ್ದ ಶಂಕರ್ ಅವರ ಚಿತ್ರವನ್ನೇ ನೋಡಬಹುದು. ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಸ್ಮಶಾನದ ಹಾದಿ, ಹಿಂದಿರುಗಿ ನೋಡದ ರಾಜ. ಕಥೆ ಪ್ರತಿ ತಿಂಗಳೂ ಬೇರೆ, ಚಿತ್ರ ಮಾತ್ರ ಅದೇ. ಹನ್ನೊಂದನೆಯ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಬೇತಾಳ ಹೇಳುವ ಕಥೆಗಳ ಸಂಖ್ಯೆ ಮಿತವಾದುದು. ಪತ್ರಿಕೆಯ ಬೇತಾಳನಾದರೋ ದಶಕಗಳ ಕಾಲ ಹೊಸ ಹೊಸ ಕಥೆಗಳನ್ನು ಹೇಳುತ್ತಲೇ ಹೋದನು. ಅಕ್ಷರ ಬಾರದ ಮಗು ಈ ಚಿತ್ರವನ್ನು ಕಂಡೊಡನೆ "ಇದು ಬೇತಾಳನ ಕಥೆ" ಎಂದು ಹೇಳಬಲ್ಲದಾಗಿತ್ತು. ಮಗುವಿನ ಮೊದಲ ಓದು ಇದೇ. ವರ್ಣಮಾಲೆ ಆಮೇಲೆ ಬರುವಂಥದು.

ಕನ್ನಡವೂ ಸೇರಿದಂತೆ 'ಚಂದಮಾಮ'ದ ಪ್ರಕಟಣೆ 2013ರಲ್ಲಿ ನಿಂತುಹೋಯಿತು. ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಆದುದರಿಂದ ಆ ಪೀಳಿಗೆಯ ತಂದೆತಾಯಿಗಳು ಅಂಗಡಿಗೆ ಹೋಗಿ ಹೊಸದೊಂದು ಸಂಚಿಕೆಯನ್ನು ಕೊಂಡು ತರುವಂತಿಲ್ಲ. ಇರುವುದು ಟ್ರಂಕಿನಲ್ಲಿರುವ ಹಳೆಯ ಕಟ್ಟುಗಳೇ. ಆ ಕಾಗದವಾದರೋ ಮರದ ತಿರುಳಿನಿಂದ ಅಗ್ಗವಾಗಿ ತಯಾರಾದುದು. ಗಾಳಿಬೆಳಕುಗಳು ತಾಗಿದಂತೆ ಹಳದಿಗೆ ತಿರುಗಿ, ಮಡಿಸಿದ ಕಡೆ ಪುಡಿಯಾಗುವುದು ಅದರ ಗುಣ. ಇಂಥ ಹಾಳೆಯನ್ನು ನಾಲ್ಕು ವರ್ಷದ ಮಗುವಿನ ಕೈಗೆ ಕೊಡುವಾಗ ಹಿರಿಯರ ಎದೆ ಅಳುಕುವುದು ಸಹಜವೇ. ಆದರೂ ಕೊಡಬೇಕು. "ಮುಟ್ಟಬೇಡ, ಹರಿದೀತು, ನಾನು ತೋರಿಸುತ್ತೇನೆ, ದೂರದಿಂದ ನೋಡು" ಎಂಬಲ್ಲಿಗೆ ಬಂದರೆ ಪುಸ್ತಕ ದೇವರ ಕೋಣೆಯ ವಸ್ತುವಾಯಿತು. ಮುಟ್ಟಿ, ತಿರುವಿ, ತಲೆಕೆಳಗಾಗಿ ಹಿಡಿದು ನೋಡಿದ ಪುಸ್ತಕವನ್ನಷ್ಟೇ ಮಗು ತನ್ನದೆಂದು ತಿಳಿಯುತ್ತದೆ.

ಎಂಬತ್ತರ ದಶಕದಲ್ಲಿ ಬೆಳೆದ ಕೆಲವರಿಗೆ ಇನ್ನೊಂದು ಬಗೆಯ ಪುಸ್ತಕಗಳ ನೆನಪಿದೆ. ಮಾಸ್ಕೋದಲ್ಲಿ ಅಚ್ಚಾಗಿ, ಕನ್ನಡದ ಮಾತುಗಳನ್ನು ಹೊತ್ತು ಬರುತ್ತಿದ್ದ ಸೋವಿಯತ್ ಪುಸ್ತಕಗಳು ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಬಹಳ ಕಡಿಮೆ ಬೆಲೆಗೆ ದೊರೆಯುತ್ತಿದ್ದವು. ಬಿಜಾಪುರದ ಬಿಸಿಲಿನಲ್ಲಿ ಬೆಳೆಯುವ ಹುಡುಗನಿಗೆ ಹಿಮದ ರಾಶಿ, ತುಪ್ಪಳದ ಟೋಪಿ, ಜಾರುಬಂಡಿ, ಮರದ ಮನೆಯ ಚಿಮಣಿಯಿಂದ ಏಳುವ ಹೊಗೆ, ಇವೆಲ್ಲ ಎಷ್ಟು ವಿಚಿತ್ರವೋ ಅಷ್ಟೇ ಆಪ್ತವಾದವು. ಕರಡಿಯೊಂದು ಮನೆಯೊಳಗೆ ಕುಳಿತು ಗಂಜಿ ಕುಡಿಯುವ ಚಿತ್ರವನ್ನು ಕಂಡ ಆ ಹುಡುಗನಿಗೆ ಅದು ಪರದೇಶದ ಕರಡಿಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೇಳಿದ್ದರೂ ಆತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಯಾಯಿತು. ಪುಸ್ತಕಗಳು ಬರುವುದೂ ನಿಂತಿತು. ಅವುಗಳನ್ನು ಅಚ್ಚುಮಾಡಿದ ರಾಜ್ಯವ್ಯವಸ್ಥೆ ಭೂಪಟದಲ್ಲಿ ಇಲ್ಲದಂತಾದರೂ ಅದರ ಕರಡಿ ಧಾರವಾಡದ, ದಾವಣಗೆರೆಯ ಕಪಾಟುಗಳಲ್ಲಿ ಇನ್ನೂ ಗಂಜಿ ಕುಡಿಯುತ್ತಿರುವುದುಂಟು. ಇಂದಿನ ಮಗುವಿಗೆ ಅದನ್ನು ತೋರಿಸುವಾಗ ರಾಜಕೀಯ ಚರಿತ್ರೆಯ ಪಾಠ ಅಗತ್ಯವಿಲ್ಲ. ಮುಂದೊಂದು ದಿನ "ಈ ಊರು ಎಲ್ಲಿದೆ?" ಎಂದು ಮಗುವೇ ಕೇಳಿದರೆ ಆಗ ಹೇಳಬಹುದು.

1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟಿನ 'ನೆಹರೂ ಬಾಲ ಪುಸ್ತಕಾಲಯ' ಮಾಲೆಯೂ ಇದೇ ಸಾಲಿನಲ್ಲಿ ನೆನೆಯಬೇಕಾದುದು. ಒಂದೇ ಚಿತ್ರಗಳನ್ನು ಇಟ್ಟುಕೊಂಡು, ಮಾತುಗಳನ್ನಷ್ಟೇ ಬದಲಿಸಿ ದೇಶದ ಹಲವು ಭಾಷೆಗಳಲ್ಲಿ ಪುಸ್ತಕವನ್ನು ಹೊರತರುವ ಆ ಯೋಜನೆಯಿಂದ ಬಣ್ಣದ ಅಚ್ಚಿನ ವೆಚ್ಚ ಹಂಚಿಹೋಗಿ ಬೆಲೆ ಇಳಿಯಿತು. ಬಂಗಾಳದ ಮಗುವೂ ಬಳ್ಳಾರಿಯ ಮಗುವೂ ಒಂದೇ ಆನೆಯನ್ನು ನೋಡುವಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, ಇಂದು ಕನ್ನಡದ ಮನೆಗಳಲ್ಲಿ ಈ ವಿಷಯಕ್ಕೆ ತಗುಲಿಕೊಂಡಿರುವ ನಿಜವಾದ ಕಷ್ಟಕ್ಕೆ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ತಂದೆತಾಯಿಗಳ ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಕಲಿಯುತ್ತಿರುವ ಕಾಲವಿದು. ತಾಯಿಗೆ ಪ್ರಾಣಪ್ರಿಯವಾಗಿದ್ದ ಪುಸ್ತಕದ ಅಕ್ಷರಗಳು ಮಗುವಿಗೆ ಬರುವುದಿಲ್ಲ. ಬಂದರೂ ತಡವರಿಸಿಕೊಂಡು ಬರುತ್ತವೆ. ಬೆಂಗಳೂರಿನ ಬಡಾವಣೆಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರಗಳಲ್ಲಿಯೂ ಇದೇ ಸ್ಥಿತಿ. ಸಮುದ್ರದಾಚೆ ನೆಲೆಸಿರುವ ಕುಟುಂಬಗಳ ಮಾತಂತೂ ಬೇರೆ ಹೇಳಬೇಕಾಗಿಲ್ಲ. ಒಂದೇ ಹಾಳೆಯ ಮುಂದೆ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಅಕ್ಷರದ ಬಾಗಿಲು ತೆರೆದಿದೆ, ಇನ್ನೊಬ್ಬರಿಗೆ ಮುಚ್ಚಿದೆ. ಇಬ್ಬರಿಗೂ ತೆರೆದಿರುವುದು ಚಿತ್ರ ಮಾತ್ರ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯುವುದು ಉಚಿತ. ಮಕ್ಕಳಿಗಾಗಿ ರಚಿತವಾದ ಮೊಟ್ಟಮೊದಲ ಚಿತ್ರಪುಸ್ತಕವೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವುದು ಮೊರಾವಿಯಾದ ಶಿಕ್ಷಣತಜ್ಞ ಜಾನ್ ಅಮೋಸ್ ಕೊಮೆನಿಯಸ್ (1592–1670) ಬರೆದ 'ಆರ್ಬಿಸ್ ಪಿಕ್ಟಸ್'. ಮೂವತ್ತು ವರ್ಷಗಳ ಯುದ್ಧದ ದೆಸೆಯಿಂದ ತಾಯ್ನಾಡನ್ನು ತೊರೆದು ಊರೂರು ಅಲೆದ ಈ ಗುರು, ಲ್ಯಾಟಿನ್ ಕಲಿಯಲು ಏಟು ತಿನ್ನುತ್ತಿದ್ದ ಹುಡುಗರ ಕಷ್ಟವನ್ನು ಕಂಡು ಬೇರೊಂದು ದಾರಿಯನ್ನು ಹುಡುಕಿದನು. 1658ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾದ ಆ ಪುಸ್ತಕದ ಪ್ರತಿ ಪಾಠದ ಮೇಲೆ ಒಂದು ಮರದಚ್ಚಿನ ಚಿತ್ರ. ಕೆಳಗೆ ಅಕ್ಕಪಕ್ಕದಲ್ಲಿ ಲ್ಯಾಟಿನ್ನಿನ ಮತ್ತು ಮನೆಮಾತಾದ ಜರ್ಮನ್ನಿನ ವಾಕ್ಯಗಳು. ಚಿತ್ರದೊಳಗಿನ ವಸ್ತುಗಳಿಗೆ ಅಂಕೆಗಳನ್ನು ಕೊಟ್ಟು, ಅದೇ ಅಂಕೆಗಳನ್ನು ಮಾತುಗಳ ಮುಂದೆಯೂ ಇರಿಸಲಾಗಿತ್ತು. ಅಕ್ಷರಾಭ್ಯಾಸ ಆರಂಭವಾಗುತ್ತಿದ್ದುದೂ ಕಾಗೆಯ ಕೂಗು, ಕುರಿಮರಿಯ ಅರಚು ಮೊದಲಾದ ದನಿಗಳಿಂದ. ಚಿತ್ರಪುಸ್ತಕವೆಂಬುದು ಹುಟ್ಟುವಾಗಲೇ ಎರಡು ಭಾಷೆಗಳ ನಡುವಣ ಸೇತುವೆಯಾಗಿ ಹುಟ್ಟಿತು ಎಂಬುದು ಗಮನಿಸತಕ್ಕ ವಿಷಯ. ಒಂದು ಭಾಷೆ ಬಲ್ಲ, ಇನ್ನೊಂದನ್ನು ಅರಿಯದ ಮಗುವಿಗಾಗಿಯೇ ಅದು ಮೊದಲು ಸಿದ್ಧವಾದುದು.

ಹಾಗಾದರೆ ಇಂಗ್ಲಿಷ್ ಮಾಧ್ಯಮದ ಮಗುವಿಗೆ ತಾಯಿಯ ಕನ್ನಡ ಪುಸ್ತಕ ನಿರುಪಯುಕ್ತವೆಂದು ಬದಿಗಿಡುವುದು ತಪ್ಪು ಲೆಕ್ಕಾಚಾರವಾಗುತ್ತದೆ. ಮಗು ಎಷ್ಟು ಕಡಿಮೆ ಕನ್ನಡ ಬಲ್ಲದೋ ಆ ಪುಸ್ತಕದ ಕೆಲಸ ಅಷ್ಟು ಹೆಚ್ಚು. ಆದರೆ ಮನೆಮನೆಗಳಲ್ಲಿ ನಡೆಯುವುದು ಬೇರೆ. ಕೆಲವರು ಸಾಲುಸಾಲಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾರೆ. ಆಗ ಕಥೆಯ ಓಟ ಕುಂಟುತ್ತದೆ, ಕನ್ನಡವೆಂದರೆ ಅನುವಾದ ಮಾಡಿಕೊಂಡು ದಾಟಬೇಕಾದ ತೊಡಕೆಂಬ ಭಾವನೆ ಮಗುವಿನಲ್ಲಿ ಬೇರೂರುತ್ತದೆ. ಇನ್ನು ಕೆಲವರು ಪುಸ್ತಕವನ್ನು ಕನ್ನಡದ ಪಾಠವಾಗಿಸುತ್ತಾರೆ: ಇದು ಯಾವ ಅಕ್ಷರ, ಒತ್ತು ಎಲ್ಲಿದೆ, ಈ ಮಾತಿನ ಅರ್ಥವೇನು ಎಂಬ ಪ್ರಶ್ನೆಗಳ ಮಳೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಹಾನಿಕರವಾದುದು. ಶಾಲೆಯಿಂದ ದಣಿದು ಬಂದ ಮಗುವಿಗೆ ಮನೆಯಲ್ಲಿ ಇನ್ನೊಂದು ಶಾಲೆ ತೆರೆದಂತಾಗುತ್ತದೆ. ತಾಯಿಗೆ ಅತ್ಯಂತ ಪ್ರಿಯವಾದ ಪುಸ್ತಕವೇ ಮಗುವಿಗೆ ಅತ್ಯಂತ ಬೇಸರದ ಪುಸ್ತಕವಾಗುತ್ತದೆ.

ಮಾಡಬೇಕಾದುದು ಸರಳ. ಚಿತ್ರದ ಮೇಲೆ ಬೆರಳಿಟ್ಟು, ಪುಸ್ತಕದ ಗ್ರಾಂಥಿಕ ವಾಕ್ಯವನ್ನು ಸದ್ಯಕ್ಕೆ ಮರೆತು, ಮನೆಯ ಮಾತಿನಲ್ಲಿ ಕಥೆ ಹೇಳುವುದು. "ಅಲ್ಲಿ ನೋಡವಾ, ರಾಜಾ ಹೆಂಗ ಹೊಂಟಾನ" ಎಂದು ಧಾರವಾಡದ ತಾಯಿ ಹೇಳಲಿ. "ನೋಡು ಕಂದಾ, ರಾಜ ಹೆಂಗೆ ಹೋಗ್ತಾವ್ನೆ" ಎಂದು ಮಂಡ್ಯದ ಅಜ್ಜಿ ಹೇಳಲಿ. ಪುಸ್ತಕದಲ್ಲಿ ಅಚ್ಚಾಗಿರುವ ವಾಕ್ಯ ಎಲ್ಲಿಗೂ ಓಡಿಹೋಗುವುದಿಲ್ಲ. ಕಥೆ ರುಚಿಸಿದ ಮೇಲೆ, ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ, "ಇಲ್ಲಿ ಏನು ಬರೆದಿದೆ?" ಎಂದು ಮಗುವೇ ಅಕ್ಷರದ ಮೇಲೆ ಬೆರಳಿಡುತ್ತದೆ. ಆ ಗಳಿಗೆಯನ್ನು ಎಳೆದು ತರಲು ಯಾವ ಗುರುವಿಗೂ ಸಾಧ್ಯವಿಲ್ಲ. ಬಂದಾಗ ಕೈಬಿಡದಿದ್ದರೆ ಸಾಕು.

ಅಜ್ಜಿಯ ಮಾತು ಬಂತು. ಅಕ್ಷರ ಕಲಿಯುವ ಅವಕಾಶವೇ ದೊರೆಯದ ಅಜ್ಜಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಮೊಮ್ಮಗುವಿನೊಡನೆ ಚಿತ್ರಪುಸ್ತಕದ ಮುಂದೆ ಕುಳಿತಾಗ ಆಕೆಯೂ ಮಗುವೂ ಸಮಾನರು. ಇಬ್ಬರೂ ಚಿತ್ರವನ್ನಷ್ಟೇ ಓದಬಲ್ಲವರು. ಇಂಥ ಓದಿನಲ್ಲಿ ತಪ್ಪೆಂಬುದಿಲ್ಲ. ಪುಸ್ತಕದ ಕಥೆಯಲ್ಲಿ ಮುದುಕಿ ಕಾಡಿಗೆ ಹೋದದ್ದು ಸೌದೆಗೆ. ಅಜ್ಜಿ ಅದನ್ನು ಮುತ್ತುಗದ ಎಲೆಗೆಂದು ಹೇಳಿದರೆ ಕಥೆಗೆ ಕೇಡಿಲ್ಲ, ಮಗುವಿಗೆ ಊಟದೆಲೆ ಹಚ್ಚುವುದು ಹೇಗೆಂಬ ತಿಳಿವಳಿಕೆ ಲಾಭ. ವಿದ್ಯಾವಂತ ಮಗನೋ ಸೊಸೆಯೋ ನಡುವೆ ಬಾಯಿ ಹಾಕಿ "ಅದು ಹಾಗಲ್ಲ, ಪುಸ್ತಕದಲ್ಲಿ ಬೇರೆ ಇದೆ" ಎಂದು ತಿದ್ದದಿದ್ದರೆ ಒಳಿತು.

ಚಿತ್ರವನ್ನು ಬೆರಳಿಟ್ಟು ಓದಿಸುವ ಪದ್ಧತಿ ಈ ನಾಡಿಗೆ ಹೊಸದೂ ಅಲ್ಲ. ಪುಸ್ತಕಗಳು ದುರ್ಲಭವಾಗಿದ್ದ ಕಾಲದಲ್ಲಿ ದೇವಾಲಯಗಳ ಗೋಡೆಗಳೇ ಚಿತ್ರಪುಸ್ತಕಗಳಾಗಿದ್ದವು. ತರೀಕೆರೆ ಸೀಮೆಯ ಅಮೃತಪುರದಲ್ಲಿ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಹೊರಗೋಡೆಯ ದಕ್ಷಿಣ ಭಾಗದಲ್ಲಿ ರಾಮಾಯಣವನ್ನು 70 ಶಿಲ್ಪಫಲಕಗಳಲ್ಲಿ ಕೊರೆದಿದ್ದಾರೆ. ವಿಶೇಷವೆಂದರೆ ಆ ಕಥೆ ಪ್ರದಕ್ಷಿಣೆಯ ದಿಕ್ಕಿಗೆ ವಿರುದ್ಧವಾಗಿ ಸಾಗುತ್ತದೆ. ಉತ್ತರ ಭಾಗದ ಕೃಷ್ಣಲೀಲೆ, ಮಹಾಭಾರತಗಳು ಪ್ರದಕ್ಷಿಣೆಯ ಕ್ರಮದಲ್ಲಿವೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿ ಕಥೆ ಹೇಳುವ ತಂದೆ ಎಲ್ಲಿಂದ ಆರಂಭಿಸಬೇಕೆಂಬುದನ್ನು ಮೊದಲು ತಾನೇ ಹುಡುಕಿಕೊಳ್ಳಬೇಕಾಗುತ್ತದೆ.

ಹಳೆಯ ಪುಸ್ತಕದಲ್ಲಿರುವುದೆಲ್ಲ ಒಳ್ಳೆಯದೆಂದು ಭಾವಿಸುವುದೂ ಸಲ್ಲದು. ಆ ಚಿತ್ರಗಳಲ್ಲಿ ರಾಜಕುಮಾರಿ ಯಾವಾಗಲೂ ಬೆಳ್ಳಗೆ, ರಾಕ್ಷಸ ಯಾವಾಗಲೂ ಕಪ್ಪಗೆ. ಕಳ್ಳನ ಮೈಬಣ್ಣವೂ ಬೇಟೆಗಾರನ ಮೈಬಣ್ಣವೂ ಸಜ್ಜನ ವ್ಯಾಪಾರಿಯ ಮೈಬಣ್ಣಕ್ಕಿಂತ ಒಂದು ಪಟ್ಟು ಗಾಢ. ತಾಯಿಯಾದವಳು ಒಲೆಯ ಮುಂದೆಯೋ ಬಾವಿಯ ಬಳಿಯೋ ಇರುವಳು. ಹೊರಗೆ ಪ್ರಪಂಚ ನೋಡಲು ಹೊರಡುವವರೆಲ್ಲ ಗಂಡುಮಕ್ಕಳು. ಬಾಲ್ಯದ ಪ್ರೀತಿ ಈ ಸಂಗತಿಗಳನ್ನು ತಂದೆಯ ಕಣ್ಣಿನಿಂದ ಮರೆಮಾಡಿರಬಹುದು. ಮಗುವಿನ ಕಣ್ಣಿಗೆ ಅಂಥ ಮರೆಯಿಲ್ಲ. ಕಪ್ಪು ಮೈಬಣ್ಣದ ಹುಡುಗಿಯೊಬ್ಬಳು ರಾಕ್ಷಸಿಯ ಚಿತ್ರವನ್ನು ನೋಡಿ, ತನ್ನ ತೋಳನ್ನು ನೋಡಿಕೊಂಡು, "ಇವಳು ಏಕೆ ನನ್ನ ಹಾಗೆ ಇದ್ದಾಳೆ?" ಎಂದು ಕೇಳಿದರೆ ತಂದೆ ಏನು ಹೇಳಬೇಕು? ಕಥೆಗಳಲ್ಲಿ ಹಾಗೆಯೇ ಎಂದು ಹಾರಿಸಿಬಿಡುವುದು ಆ ಮಗುವಿಗೆ ಮಾಡುವ ಅನ್ಯಾಯ. ಹಾಳೆಯನ್ನೇ ಕಿತ್ತೆಸೆಯುವುದೂ ಪರಿಹಾರವಲ್ಲ. ಅದೇ ಚಿತ್ರ ಸಿನಿಮಾದಲ್ಲಿ, ಜಾಹೀರಾತಿನಲ್ಲಿ, ಬೀದಿಯ ಗೋಡೆಯ ಮೇಲೆ ಆಕೆಗೆ ಮತ್ತೆ ಎದುರಾಗುವುದು ನಿಶ್ಚಿತ. "ಚಿತ್ರ ಬರೆದವರು ತಪ್ಪು ಬರೆದರು ಮಗಳೇ, ರಾಕ್ಷಸರು ಯಾವ ಬಣ್ಣದಲ್ಲಾದರೂ ಇರಬಹುದು" ಎಂದು ತಂದೆ ನೇರವಾಗಿ ಹೇಳಬೇಕು. ತನಗೆ ಪ್ರಿಯವಾದ ವಸ್ತುವಿನಲ್ಲಿಯೂ ದೋಷವನ್ನು ಒಪ್ಪಿಕೊಳ್ಳುವ ಹಿರಿಯನನ್ನು ಕಾಣುವುದು ಮಗುವಿಗೆ ಅಪರೂಪದ ಅನುಭವ. ಬೇಕಾದರೆ ಅದೇ ಸಂಜೆ ಒಂದು ಬಿಳಿಯ ಹಾಳೆ, ನಾಲ್ಕು ಬಣ್ಣದ ಕಡ್ಡಿಗಳನ್ನು ಕೊಟ್ಟು ಹಸಿರು ರಾಕ್ಷಸನನ್ನೋ ಗುಲಾಬಿ ರಾಕ್ಷಸನನ್ನೋ ಬರೆಸಬಹುದು.

ಮೆಚ್ಚಿನ ಪುಸ್ತಕವೊಂದು ತಮಗೂ ಇತ್ತೆಂದು ಹೇಳಿಕೊಳ್ಳುವ ಭಾಗ್ಯ ಎಲ್ಲ ತಂದೆತಾಯಿಗಳಿಗೂ ಇಲ್ಲವೆಂಬುದನ್ನು ಮರೆಯಲಾಗದು. ಮನೆತನದಲ್ಲಿ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದವರು, ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿದವರು ಈ ನಾಡಿನಲ್ಲಿ ಲಕ್ಷಗಟ್ಟಲೆ. ಅವರ ಬಾಲ್ಯದಲ್ಲಿ ಚಿತ್ರವೆಂದರೆ ಒಂದನೆಯ ತರಗತಿಯ ಪಠ್ಯಪುಸ್ತಕ, ಕಿರಾಣಿ ಅಂಗಡಿಯ ಕ್ಯಾಲೆಂಡರು, ಹೆಚ್ಚೆಂದರೆ ಶಾಲೆಯ ಬೀರುವಿನಲ್ಲಿ ಬೀಗದೊಳಗಿದ್ದು ವರ್ಷಕ್ಕೊಮ್ಮೆ ಹೊರಬರುತ್ತಿದ್ದ ನಾಲ್ಕು ಪುಸ್ತಕಗಳು. ಆ ಬೀಗದ ಬಗೆಗೆ ಕಟುವಾಗಿಯೇ ಹೇಳಬೇಕಾಗುತ್ತದೆ. ಹರಿದುಹೋದೀತೆಂಬ ಭಯದಿಂದ ಪುಸ್ತಕವನ್ನು ಮಕ್ಕಳಿಂದ ಕಾಪಾಡಿದ ಶಾಲೆಗಳು ಕೊನೆಗೆ ಅದನ್ನು ಗೆದ್ದಲಿಗೆ ಒಪ್ಪಿಸಿದವು. ಸಾವಿರ ಮಕ್ಕಳ ಕೈಯಲ್ಲಿ ಸವೆದು ಚಿಂದಿಯಾದ ಪುಸ್ತಕ ತನ್ನ ಬೆಲೆಯನ್ನು ನೂರು ಪಟ್ಟು ಹಿಂದಿರುಗಿಸಿರುತ್ತದೆ.

ಬಾಲ್ಯದ ಪುಸ್ತಕವಿಲ್ಲದ ತಂದೆ ಅದಕ್ಕಾಗಿ ಸಂಕೋಚಪಡಬೇಕಾಗಿಲ್ಲ. ಆತನೂ ಮಗುವೂ ಒಟ್ಟಿಗೆ, ಒಂದೇ ದಿನ, ಒಂದೇ ಪುಸ್ತಕವನ್ನು ಮೊದಲ ಬಾರಿಗೆ ನೋಡಬಹುದು. ಇಪ್ಪತ್ತು ವರ್ಷಗಳ ಅನಂತರ ಅದು ಇಬ್ಬರಿಗೂ ಬಾಲ್ಯದ ಪುಸ್ತಕವೇ ಆದೀತು. ಇದಕ್ಕೆ ಈಗ ಅನುಕೂಲಗಳಿವೆ. ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುವಂತಾಯಿತು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಕಡಿಮೆ ಬೆಲೆಯ ಬಣ್ಣದ ಪುಸ್ತಕಗಳನ್ನು ಕನ್ನಡದಲ್ಲಿಯೂ ಹೊರತಂದಿದೆ. ಅದು 2015ರಲ್ಲಿ ತೆರೆದ 'ಸ್ಟೋರಿವೀವರ್' ಎಂಬ ಅಂತರ್ಜಾಲ ಭಂಡಾರದ ಚಿತ್ರಕಥೆಗಳನ್ನು ಹಣ ಕೊಡದೆ ಓದಬಹುದು, ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಲೂಬಹುದು. ಮೊಬೈಲಿನ ಗಾಜಿನ ಮೇಲೆ ನೋಡುವುದಕ್ಕಿಂತ ಅಚ್ಚುಹಾಕಿ ಹೊಲಿದುಕೊಂಡ ನಾಲ್ಕು ಹಾಳೆಗಳು ಮಗುವಿಗೆ ಮೇಲು. ಅವುಗಳ ನಡುವೆ ಕರೆ ಬರುವುದಿಲ್ಲ.

ಹೊಸ ಪುಸ್ತಕಗಳು ಇಷ್ಟು ಸುಲಭವಾಗಿ ದೊರೆಯುವಾಗ ಹಳೆಯದರ ಹಂಬಲವೇಕೆ ಎಂದು ಕೇಳುವವರಿದ್ದಾರೆ. ಉತ್ತರ ಪುಸ್ತಕದಲ್ಲಿಲ್ಲ, ಓದಿ ಹೇಳುವವರ ದನಿಯಲ್ಲಿದೆ. ಮಕ್ಕಳು ಒಂದೇ ಕಥೆಯನ್ನು ಹತ್ತಾರು ಸಲ ಕೇಳಬಯಸುವರು. ಮೂರನೆಯ ಸಲಕ್ಕೇ ದೊಡ್ಡವರ ದನಿ ಬತ್ತುತ್ತದೆ. ತಾನು ಪ್ರೀತಿಸಿದ ಪುಸ್ತಕವಾದರೆ ಬತ್ತುವುದಿಲ್ಲ. ಮುಂದಿನ ಹಾಳೆಯಲ್ಲಿ ಹುಲಿ ಬರುವುದೆಂದು ಗೊತ್ತಿದ್ದೂ ತಾಯಿಯ ದನಿ ತಗ್ಗುತ್ತದೆ, ಉಸಿರು ನಿಲ್ಲುತ್ತದೆ. ಮಗು ಆಗ ಪುಸ್ತಕವನ್ನು ಬಿಟ್ಟು ತಾಯಿಯ ಮುಖವನ್ನು ನೋಡುವುದುಂಟು. ತನ್ನ ತಾಯಿಯೂ ಒಮ್ಮೆ ಚಿಕ್ಕವಳಾಗಿದ್ದಳು, ಹುಲಿಗೆ ಹೆದರುತ್ತಿದ್ದಳು ಎಂಬ ಅರಿವು ಮಗುವಿಗೆ ಆಗುವುದು ಇಂಥ ಕಡೆಯೇ. ಮಾತಿನಲ್ಲಿ ಹೇಳಿದರೆ ಯಾವ ಮಗುವೂ ಅದನ್ನು ನಂಬದು.

ಅಷ್ಟಾದರೂ ಮಗು ಆ ಪುಸ್ತಕವನ್ನು ಮೆಚ್ಚದಿರಬಹುದು. ತಂದೆ ಜೀವ ಬಿಡುತ್ತಿದ್ದ ಕುದುರೆಯ ಚಿತ್ರವನ್ನು ದಾಟಿ ಹೋಗಿ, ಮೂಲೆಯಲ್ಲಿ ಚಿತ್ರಕಾರ ಸುಮ್ಮನೆ ಬರೆದಿಟ್ಟ ಬಸವನಹುಳುವನ್ನು ಹಿಡಿದುಕೊಂಡು ಅರ್ಧ ಗಂಟೆ ಕುಳಿತಿರಬಹುದು. ಕುದುರೆಯ ಕಡೆಗೆ ಅದನ್ನು ಎಳೆಯಬಾರದು. ಮೂವತ್ತು ವರ್ಷ ಆ ಹಾಳೆಯನ್ನು ಬಲ್ಲ ತಂದೆ ಆ ಹುಳುವನ್ನು ಒಮ್ಮೆಯೂ ನೋಡಿರಲಾರ, ಈಗ ನೋಡಲಿ. ಮಗುವಿಗೆ ಬೇರೆಯದೇ ಪುಸ್ತಕ, ಅದೂ ತಂದೆಯ ದೃಷ್ಟಿಯಲ್ಲಿ ತೀರ ಸಾಧಾರಣವಾದುದು, ಪ್ರಾಣಪ್ರಿಯವಾದರೆ ಅದಕ್ಕೂ ಕಪಾಟಿನಲ್ಲಿ ಹಳೆಯ ಕಟ್ಟಿನ ಪಕ್ಕದಲ್ಲೇ ಜಾಗವಾಗಬೇಕು.

ಇನ್ನು ಹರಿಯುವ ವಿಚಾರ. ಹರಿದೇ ಹರಿಯುತ್ತದೆ. ಹರಿದ ಹಾಳೆಗೆ ಪ್ಲಾಸ್ಟಿಕ್ ಟೇಪನ್ನು ಹಚ್ಚಬಾರದು; ಕೆಲವು ವರ್ಷಗಳಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಕ್ಕೆ ಇಳಿದು ಚಿತ್ರವನ್ನೇ ಕೆಡಿಸುತ್ತದೆ. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕಾಯಿಸಿ ಮಾಡಿದ ತೆಳು ಅಂಟು, ಹಗುರವಾದ ಬಿಳಿಯ ಕಾಗದದ ಪಟ್ಟಿ, ಮೇಲೆ ಒಂದು ರಾತ್ರಿಯ ಮಟ್ಟಿಗೆ ಭಾರ, ಇಷ್ಟಿದ್ದರೆ ಸಾಕು. ಹುಳು ಹಿಡಿಯದಿರಲೆಂದು ಬೈಂಡು ಹಾಕುವವರು ಈ ಅಂಟಿಗೆ ಮೈಲುತುತ್ತವನ್ನು ಸೇರಿಸುವುದುಂಟು. ಅದು ವಿಷ, ಮಕ್ಕಳ ಕೈಗೆ ಹೋಗುವ ಅಂಟಿಗೆ ಅದು ಬೇಡ. ಹಚ್ಚುವ ಕೆಲಸವನ್ನು ಹರಿದವರಿಗೇ ಒಪ್ಪಿಸಬಹುದು. ಆರು ವರ್ಷದ ಮಗು ಅದನ್ನು ತಕ್ಕಮಟ್ಟಿಗೆ ನೇರವಾಗಿಯೇ ಮಾಡುತ್ತದೆ. ಬೆರಳಿಗೆ ಮೆತ್ತಿದ್ದನ್ನು ಅಂಗಿಗೆ ಒರೆಸಿಕೊಳ್ಳದಂತೆ ಪಕ್ಕದಲ್ಲೊಂದು ಒದ್ದೆ ಬಟ್ಟೆಯನ್ನು ಇಟ್ಟಿರಬೇಕು.